ಯಾವ ಹುಳ, ಯಾವ ಔಷಧಿ

"ರೀ, ನಿಮ್ಮ ಅವರೆ ಬಳ್ಳಿಗೆ ಹುಳ ಬಿದ್ದಿದೆ ನೋಡಿ. ಏನಾದರೂ ಔಷಧಿ ಹೊಡೆಸಿಬಿಡಿ."

ಪ್ರತಿವರ್ಷ ಮಾರ್ಗಶಿರದ ಚಳಿ ಹಿಡಿಯುತ್ತಿದ್ದಂತೆ ಪಕ್ಕದ ಕಾಂಪೌಂಡಿನಿಂದ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಹಾಸನದ ಈ ಮನೆಗೆ ನಾವು ಬಂದಾಗ ಪಕ್ಕದಲ್ಲಿದ್ದವರು ವರ್ಗವಾಗಿ ಹೋದರು, ಆಮೇಲೆ ಬಂದವರು ಮನೆ ಮಾರಿಕೊಂಡು ಹೋದರು, ಈಗಿರುವವರು ಬಂದು ಆರು ವರ್ಷವಾಯಿತು. ಹೇಳುವವರು ಬದಲಾದರು, ಮಾತು ಬದಲಾಗಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಒಂದು ಸಾಲಿನೊಳಗಿನ ಮೂರು ಪದಗಳ ಮೇಲೂ ನನಗೆ ತಕರಾರಿದೆ. 'ಹುಳ' ಎನ್ನುವುದರ ಮೇಲೆ, 'ಔಷಧಿ' ಎನ್ನುವುದರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ 'ಹೊಡೆಸಿ' ಎನ್ನುವುದರ ಮೇಲೆ. ಈ ಮೂರನೆಯದರ ಬಗ್ಗೆ ಬರೆಯಲು ನನಗೆ ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ. ಆದ್ದರಿಂದ ಸುಲಭವಾದದ್ದರಿಂದ ಶುರುಮಾಡುತ್ತೇನೆ.

ನಾವು ಹೆಂಗಸರು ಹುಳವನ್ನು ಬರೀ ಹುಳ ಎಂದು ಕರೆಯುವುದು ಅಂಗಳಕ್ಕೆ ಇಳಿದ ಮೇಲೆ ಮಾತ್ರ, ಗಮನಿಸಿದ್ದೀರಾ? ಅಡುಗೆಮನೆಯಲ್ಲಿದ್ದಾಗ ನಮ್ಮ ಕಣ್ಣು ಎಷ್ಟು ಚುರುಕು! ಅಕ್ಕಿಯಲ್ಲಿ ಓಡಾಡುವ ಮೂತಿಹುಳ ಬೇರೆ, ಕಡಲೆಯನ್ನು ತೂತು ಮಾಡುವ ಕುಟ್ಟೆ ಬೇರೆ, ಹಳೆಯ ಹಿಟ್ಟಿನಲ್ಲಿ ಬಲೆ ಕಟ್ಟುವುದು ಬೇರೆ ಎಂದು ನಮಗೆ ಗೊತ್ತು. ಯಾವುದಕ್ಕೆ ಬಿಸಿಲು, ಯಾವುದಕ್ಕೆ ಬೇವಿನೆಲೆ, ಯಾವುದನ್ನು ಹಿಂದುಮುಂದು ನೋಡದೆ ಚೆಲ್ಲಬೇಕು ಎನ್ನುವುದೂ ಗೊತ್ತು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಹೇನು ಯಾವುದು, ಸೀರು ಯಾವುದು, ಹೊಟ್ಟು ಯಾವುದು ಎಂದು ದೀಪವಿಲ್ಲದೆ ಹೇಳುತ್ತೇವೆ. ಅದೇ ಕಣ್ಣು ದಾಸವಾಳದ ಮೊಗ್ಗಿನ ಮುಂದೆ ಬಂದ ಕೂಡಲೇ "ಅಯ್ಯೋ ಹುಳ!" ಎಂದು ಮುಚ್ಚಿಹೋಗುತ್ತದೆ. ಹೀಗೇಕೆ? ನೋಡುವುದು ತಿಳಿದವರ ಕೆಲಸ, ಹೊಡೆಯುವುದು ನಮ್ಮ ಕೆಲಸ ಎಂದು ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಅದನ್ನು ನಾವು ನಂಬಿದ್ದೇವೆ.

ನಮ್ಮ ಮಾವನವರು ಪಂಚಾಂಗ ಓದುತ್ತಿದ್ದ ಭೂತಗನ್ನಡಿಯೊಂದು ನನ್ನ ಬಳಿ ಇದೆ. ಅವರು ಹೋದ ಮೇಲೆ ಪಂಚಾಂಗ ಕ್ಯಾಲೆಂಡರಿಗೆ ಬಂತು, ಗನ್ನಡಿ ನನ್ನ ಪಾಲಿಗೆ ಬಂತು. ಅದನ್ನು ಹಿಡಿದು ಅವರೆಯ ಕುಡಿಯ ಮುಂದೆ ಕೂತರೆ ಕಾಣುವುದು ಇದು: ಎಳ್ಳಿಗಿಂತ ಚಿಕ್ಕ, ಪೇರುಹಣ್ಣಿನ ಆಕಾರದ, ಮೆತ್ತನೆ ಮೈಯ ಜೀವಿಗಳು, ತಲೆ ತಗ್ಗಿಸಿ, ಸೂಜಿಯಂಥ ಮೂತಿಯನ್ನು ಕಾಂಡಕ್ಕೆ ಚುಚ್ಚಿ ಸಾಲಾಗಿ ಕೂತಿರುತ್ತವೆ. ಹಿಂಭಾಗದಲ್ಲಿ ಪುಟ್ಟ ಪುಟ್ಟ ಕೊಳವೆಗಳು ಎರಡು, ಸ್ಕೂಟರಿನ ಹೊಗೆಕೊಳವೆಯಂತೆ ಹಿಂದಕ್ಕೆ ಚಾಚಿರುತ್ತವೆ. ಆ ಜೋಡಿ ಕೊಳವೆ ಕಂಡರೆ ಅದು ಹೇನು, ಸಸ್ಯಹೇನು. ಬಿಳಿ ಹಿಟ್ಟು ಮೆತ್ತಿಕೊಂಡು ಗಂಟುಗಂಟಾಗಿ ಕೂತದ್ದಾದರೆ ಹಿಟ್ಟುತಿಗಣೆ. ಎಲೆ ಅಲುಗಿಸಿದಾಗ ಬಿಳಿ ಪುಡಿ ಎರಚಿದಂತೆ ಹಾರಿದರೆ ಬಿಳಿನೊಣ. ಹೇನಿನ ಗುಂಪಿನ ನಡುವೆಯೂ ಬಿಳಿ ಚೂರುಗಳಿರುತ್ತವೆ, ಮೋಸಹೋಗಬೇಡಿ. ಅದು ಹೇನುಮರಿ ಬೆಳೆಯುವಾಗ ನಾಲ್ಕು ಸಲ ಕಳಚುವ ಪೊರೆ. ನಮ್ಮ ಓಣಿಯಲ್ಲೇ ಒಬ್ಬರು ಆ ಪೊರೆಯನ್ನು ಇನ್ನೊಂದು ರೋಗವೆಂದು ತಿಳಿದು ಅದಕ್ಕೂ ಬೇರೊಂದು ಪುಡಿ ತಂದು ಎರಚಿದ್ದರು.

ಇನ್ನು ಹೇನುಗಳಲ್ಲೇ ಒಂದೊಂದರ ರುಚಿ ಒಂದೊಂದು. ಅವರೆ, ಅಲಸಂದೆಗೆ ಬರುವುದು ಕಪ್ಪು ಹೇನು. ಬಲಿತದ್ದು ಬೂಟ್ ಪಾಲಿಷಿನಷ್ಟು ಹೊಳೆಯುತ್ತದೆ, ಮರಿಗಳು ಬೂದಿ ಬಳಿದಂತೆ ಮಂಕಾಗಿರುತ್ತವೆ. ಗೊಬ್ಬರದ ಗಿಡದ ಹೂಗೊಂಚಲನ್ನು ಕಪ್ಪಾಗಿಸುವುದೂ ಇದೇ. ಕಣಗಿಲೆಯ ತುದಿಯಲ್ಲಿ, ಬೇಲಿಯ ಎಕ್ಕದಲ್ಲಿ ಕಾಣುವುದು ನಿಂಬೆಹಳದಿ ಬಣ್ಣದ ಹೇನು. ಕಾಲು, ಕೊಳವೆ ಮಾತ್ರ ಕಾಡಿಗೆ ಹಚ್ಚಿದಂತೆ ಕಪ್ಪು. ನೋಡಲು ಇಷ್ಟು ಚೆಂದದ ಹೇನು ಇನ್ನೊಂದಿಲ್ಲ. ಕಣಗಿಲೆಯೂ ಎಕ್ಕವೂ ವಿಷದ ಗಿಡಗಳು. ಅವುಗಳ ಹಾಲು ಕುಡಿದು ಈ ಹೇನು ತನ್ನ ಮೈಯನ್ನೂ ಕಹಿ ಮಾಡಿಕೊಂಡಿರುತ್ತದೆ. ಆ ಉಜ್ವಲ ಹಳದಿ "ನನ್ನನ್ನು ಮುಟ್ಟಬೇಡ" ಎಂಬ ಬೋರ್ಡು. ಸೇವಂತಿಗೆಯ ದಂಟಿಗೆ ಹತ್ತುವುದು ಕಾಫಿಬೀಜದ ಬಣ್ಣದ ಮಿರುಗುವ ಹೇನು, ಸೇವಂತಿಗೆ ಬಿಟ್ಟರೆ ಅದಕ್ಕೆ ಬೇರೆ ಮನೆಯೇ ಇಲ್ಲವೆನ್ನಬಹುದು. ಗುಲಾಬಿ ಮೊಗ್ಗಿನ ಕತ್ತಿನಲ್ಲಿ ಕೂರುವುದು ಹಸಿರು ಇಲ್ಲವೇ ನಸುಗೆಂಪು ಬಣ್ಣದ, ಉದ್ದ ಕಾಲಿನ, ಉದ್ದ ಕಪ್ಪು ಕೊಳವೆಯ ಹೇನು. ನಿಂಬೆಯ ಎಳೆಚಿಗುರಿಗೆ ಬರುವುದು ಮತ್ತೊಂದು ಕಪ್ಪು.

ದಾಸವಾಳದ ಹೇನು ಮಾತ್ರ ಬಲು ಕಿಲಾಡಿ. ಹತ್ತಿಯ ಹೊಲದಲ್ಲಿ ಹೆಸರಾದದ್ದು ಇದೇ. ಬಿಸಿಲು ಜೋರಾಗಿ ಗುಂಪು ದಟ್ಟವಾದರೆ ಚಿಕ್ಕದಾಗಿ, ಹಳದಿಯಾಗಿ ಹುಟ್ಟುತ್ತದೆ, ತಂಪಿದ್ದರೆ ದೊಡ್ಡದಾಗಿ, ಕಡುಹಸಿರಾಗಿ ಹುಟ್ಟುತ್ತದೆ. ಒಂದೇ ಜಾತಿ, ಎರಡು ವೇಷ. ಇದಕ್ಕೆ ಊಟದಲ್ಲಿ ಪಂಕ್ತಿಭೇದವಿಲ್ಲ. ದಾಸವಾಳದಿಂದ ಬೆಂಡೆಗೆ, ಬೆಂಡೆಯಿಂದ ಬದನೆಗೆ, ಅಲ್ಲಿಂದ ಸೋರೆ, ಸೌತೆ, ಮೆಣಸಿನ ಗಿಡಕ್ಕೆ ಸಲೀಸಾಗಿ ಹೋಗಿಬಿಡುತ್ತದೆ.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಬೈಯಲು ಬಂದವಳು ಬರಿಗೈಯಲ್ಲಿ ಬರಬಾರದು. ಕಣಗಿಲೆಯಲ್ಲಿ ಹಳದಿ ಹೇನು ಕಂಡ ತಕ್ಷಣ "ಇಡೀ ತೋಟಕ್ಕೆ ಹಬ್ಬಿಬಿಡುತ್ತೆ" ಎಂದು ಗುಲಾಬಿಗೂ ತುಳಸಿಗೂ ಸೇರಿಸಿ ವಿಷ ಹೊಡೆಸಿದವರನ್ನು ನಾನು ಕಂಡಿದ್ದೇನೆ. ಆ ಹೇನು ನಿಮ್ಮ ಗುಲಾಬಿಯ ತಂಟೆಗೆ ಬರುವುದಿಲ್ಲ ಕಣ್ರೀ! ಅದಕ್ಕೆ ಬೇಕಾದದ್ದು ಕಣಗಿಲೆಯ ಹಾಲು. ಅದೇ ದಾಸವಾಳದ ಹೇನನ್ನು ಕಂಡೂ ಸುಮ್ಮನಿದ್ದು, ತಿಂಗಳಾದ ಮೇಲೆ ಬೆಂಡೆಗಿಡ ಮುರುಟಿತೆಂದು ಅಳುವವರನ್ನೂ ಕಂಡಿದ್ದೇನೆ. ಹೆದರಬೇಕಾದ ಕಡೆ ಹೆದರಲಿಲ್ಲ, ಹೆದರಬಾರದ ಕಡೆ ಸೀಸೆ ಎತ್ತಿದರು. ಎರಡಕ್ಕೂ ಕಾರಣ 'ಹುಳ' ಎಂಬ ಒಂದೇ ಪದ.

ಇಲ್ಲೊಂದು ಹಳೆಯ ಕಥೆ. ಜಿನೀವಾದಲ್ಲಿ ಷಾರ್ಲ್ ಬಾನೆ ಎಂಬ 20 ವರ್ಷದ ಹುಡುಗ 1740ರಲ್ಲಿ ಆಗತಾನೆ ಹುಟ್ಟಿದ ಹೇನುಮರಿಯೊಂದನ್ನು ಒಂದು ರೆಂಬೆಯ ಮೇಲೆ ಒಂಟಿಯಾಗಿಟ್ಟು, ಗಾಜು ಮುಚ್ಚಿ, ದಿನವಿಡೀ ಕಾದು ಕೂತ. ಗಂಡಿನ ನೆರಳೂ ಬೀಳದ ಆ ಹೇನು 95 ಮರಿ ಹಾಕಿತು. ಹುಡುಗ ಒಂದೊಂದನ್ನೂ ಲೆಕ್ಕ ಬರೆದಿಟ್ಟ. ಯೂರೋಪಿನ ಪಂಡಿತರು ದಂಗಾದರು. ಹೇನುಗಳ ಸಂಸಾರ ಹಾಗೆ. ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಬಹುಪಾಲು ಹೇನುಗಳಿಗೆ ವರ್ಷವಿಡೀ ಗಂಡಿನ ಅಗತ್ಯವೇ ಬೀಳುವುದಿಲ್ಲ. ಹೆಣ್ಣು ಹೆಣ್ಣನ್ನೇ ಹೆರುತ್ತದೆ. ತಾಯಿಯ ಹೊಟ್ಟೆಯಲ್ಲಿ ಮಗಳಿರುವಾಗಲೇ ಆ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಕಣ್ಣುಬಿಡಲು ಶುರುಮಾಡಿರುತ್ತಾಳೆ. ವಾರ ಹತ್ತು ದಿನಕ್ಕೆ ಮಗಳು ಬಾಣಂತಿ. ಜಾಗ ಸಾಲದಾದರೆ ರೆಕ್ಕೆಯಿರುವ ಹೆಣ್ಣುಗಳು ಹುಟ್ಟಿ ಬೇರೆ ಮನೆ ನೋಡಿಕೊಂಡು ಹೊರಡುತ್ತವೆ. ನಮ್ಮತ್ತೆಗೆ ಇದನ್ನು ಓದಿ ಹೇಳಿದಾಗ ಅವರು "ಸದ್ಯ, ಬಾಣಂತನಕ್ಕೆ ತವರಿಗೆ ಕಳಿಸುವ ಗೋಜಿಲ್ಲ" ಎಂದಿದ್ದರು.

ಹೀಗೆ ಹೆರುವ ಹೇನು ಲೋಕವನ್ನೇ ಮುಚ್ಚಿಹಾಕಬೇಕಿತ್ತಲ್ಲ, ಏಕೆ ಮುಚ್ಚಿಲ್ಲ? ತಿನ್ನುವವರಿದ್ದಾರೆ. ಕೆಂಪು ಕಿತ್ತಳೆ ಬೆನ್ನಿನ ಮೇಲೆ ಕಪ್ಪು ಗುರುತಿನ ಗುಲಗಂಜಿ ಹುಳವನ್ನು ಮಕ್ಕಳೂ ಬಲ್ಲರು. ಅದು ಚೆಂದವಾಗಿದೆ, ಆದ್ದರಿಂದ ಬದುಕಿಕೊಳ್ಳುತ್ತದೆ. ಆದರೆ ಅದರ ಮರಿಯನ್ನು ನೋಡಿದ್ದೀರಾ? ಪುಟ್ಟ ಮೊಸಳೆಯಂತಿರುತ್ತದೆ. ಕಪ್ಪು ಮೈ, ನಡುನಡುವೆ ಕಿತ್ತಳೆ ಮಚ್ಚೆ, ಮೈಮೇಲೆ ಮುಳ್ಳಿನಂಥ ರೋಮ, ಸರಸರ ಓಟ. ತಾಯಿಗೂ ಮರಿಗೂ ಒಂದಿಷ್ಟೂ ಹೋಲಿಕೆಯಿಲ್ಲ. ಹೇನಿನ ಗುಂಪಿನ ನಡುವೆ ಅದು ಓಡಾಡುತ್ತಿದ್ದರೆ ನೋಡಿದವರಿಗೆ ಇದೇ ದೊಡ್ಡ ಖಳನಾಯಕ ಅನ್ನಿಸುತ್ತದೆ. ಬೆಳೆದು ದೊಡ್ಡದಾಗುವಷ್ಟರಲ್ಲಿ ಅದು ನೂರಾರು ಹೇನು ತಿಂದಿರುತ್ತದೆ. ಕಾಲಿಲ್ಲದ, ಜಿಗಣೆಯಂತೆ ತೆವಳುವ ಹಸಿರು ಮರಿಯೊಂದಿದೆ, ಹೂವಿನ ಮೇಲೆ ಹೆಲಿಕಾಪ್ಟರಿನಂತೆ ನಿಂತಲ್ಲೇ ತೇಲುವ ಪಟ್ಟೆಪಟ್ಟೆ ನೊಣದ ಮರಿ ಅದು. ಅದರ ಊಟವೂ ಹೇನೇ. ಹೇನಿನ ಮೈಯೊಳಗೇ ಮೊಟ್ಟೆಯಿಟ್ಟು, ಅದನ್ನು ಹುರಿದ ಕಾಳಿನಂತೆ ಕಂದು ಬಣ್ಣಕ್ಕೆ ಉಬ್ಬಿಸಿ, ಬೆನ್ನಿನಲ್ಲಿ ದುಂಡಗೆ ಬಾಗಿಲು ಕೊರೆದು ಹೊರಬರುವ, ಸೊಳ್ಳೆಗಿಂತ ಸಣ್ಣ ಕಣಜವೂ ಇದೆ. ಮತ್ತೆ ಇವರೆಲ್ಲರನ್ನೂ ಓಡಿಸಿ ಹೇನನ್ನು ಕಾಯುವ ಇರುವೆ. ಹೇನು ಒಸರುವ ಸಿಹಿ ಅಂಟಿಗಾಗಿ ಇರುವೆ ಮಾಡುವ ಕಾವಲುಗಾರಿಕೆ ಅದು. ಎಲೆಯ ಮೇಲೆ ಕಾಣುವ ಕಪ್ಪು ಮಸಿ ಆ ಅಂಟಿನ ಮೇಲೆ ಬೆಳೆದ ಬೂಷ್ಟು. ನಾವು ಮಸಿ ನೋಡಿ ಗಿಡ ಸತ್ತೇಹೋಯಿತೆನ್ನುತ್ತೇವೆ.

ಈಗ ಮೂರನೆಯ ಪದಕ್ಕೆ ಬರುತ್ತೇನೆ.

1997ರ ಜನವರಿ, ಸಂಕ್ರಾಂತಿ ಕಳೆದು ಒಂದು ವಾರ. ನಮ್ಮ ಹಿತ್ತಲಿನ ಅವರೆ ಚಪ್ಪರ ಕಾಯಿ ಬಿಟ್ಟಿತ್ತು. ಇನ್ನು ನಾಲ್ಕು ದಿನಕ್ಕೆ ಹಿತಕವರೆ ಸಾರು ಮಾಡುವ ಅಂದಾಜಿತ್ತು. ತುದಿಗಳಲ್ಲಿ ಕಪ್ಪು ಹೇನು ಬಂದು ಹದಿನೈದು ದಿನವಾಗಿತ್ತು, ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಅವತ್ತು ಬೆಳಿಗ್ಗೆ ಹೇನಿನ ನಡುವೆ ಕಪ್ಪು ಕಿತ್ತಳೆ ಬಣ್ಣದ ವಿಕಾರ ಹುಳುಗಳು ಓಡಾಡುವುದನ್ನು ಕಂಡೆ. ಒಂದಲ್ಲ ಎರಡಲ್ಲ, ಪ್ರತಿ ಕುಡಿಯಲ್ಲೂ ಇದ್ದವು. ಮೈ ಜುಮ್ಮೆಂದಿತು. ಪಕ್ಕದವರು ಹೇಳುವ ಮೊದಲೇ ನಾನೇ ಹೇಳಿಕೊಂಡೆ, ಔಷಧಿ ಹೊಡೆಸಬೇಕು.

ನಮ್ಮ ಮನೆಯವರು ಆಫೀಸಿನಿಂದ ಬರುತ್ತ ಅಂಗಡಿಯೊಂದಕ್ಕೆ ಹೋಗಿ "ಹುಳಕ್ಕೆ ಔಷಧಿ ಕೊಡಿ" ಎಂದು ಕೇಳಿದರು. ಅಂಗಡಿಯಾತ ಯಾವ ಗಿಡ ಎಂದು ಕೇಳಲಿಲ್ಲ, ಯಾವ ಹುಳ ಎಂದೂ ಕೇಳಲಿಲ್ಲ. ದೊಡ್ಡ ಡಬ್ಬದಿಂದ ಕೆಮ್ಮಿನ ಸಿರಪ್ಪಿನ ಖಾಲಿ ಸೀಸೆಯೊಂದಕ್ಕೆ ಬಗ್ಗಿಸಿ, "ಮುಚ್ಚಳದಲ್ಲಿ ಎರಡಳತೆ ಹಾಕಿ, ಎಲ್ಲಾ ಹೋಗುತ್ತೆ" ಎಂದು ಕೊಟ್ಟು ಕಳಿಸಿದ. ಹೆಸರಿಲ್ಲದ ಹುಳಕ್ಕೆ ಹೆಸರಿಲ್ಲದ ಔಷಧಿ. ಮಾರನೆಯ ದಿನ ಮನೆಗೆಲಸಕ್ಕೆ ಬಂದಾಕೆಗೆ ನಾನು ಹೇಳಿದೆ, "ಪಾತ್ರೆ ಆದ ಮೇಲೆ ಆ ಚಪ್ಪರಕ್ಕೊಂದಿಷ್ಟು ಇದನ್ನ ಹೊಡೆದುಬಿಡೇ." ಅವಳು "ಆಯ್ತಕ್ಕಾ" ಎಂದಳು. ಕೈಪಂಪು ತುಂಬಿಕೊಂಡು ಚಪ್ಪರದ ಕೆಳಗೆ ನಿಂತು, ತಲೆಯೆತ್ತಿ, ಮೇಲಕ್ಕೆ ಹೊಡೆದಳು. ಗಾಳಿ ಇತ್ತು. ಹನಿ ಅವಳ ಮುಖದ ಮೇಲೆಯೇ ಬೀಳುತ್ತಿತ್ತು. ನಾನು ಅಡುಗೆಮನೆಯ ಕಿಟಕಿಯ ಬಾಗಿಲು ಹಾಕಿಕೊಂಡೆ, ವಾಸನೆ ಒಳಗೆ ಬಾರದಿರಲಿ ಎಂದು.

ಅವಳು ಮನೆಗೆ ಹೋಗಿ ಒಂದು ಗಂಟೆಯಾಗಿರಲಿಲ್ಲ, ಅವಳ ಮಗ ಓಡಿಬಂದ. ಹೋದಾಗ ಅವಳು ಬೆವರಿ ತೊಪ್ಪೆಯಾಗಿದ್ದಳು. ಬಾಯಿಂದ ಜೊಲ್ಲು, ಬಿಡದ ವಾಂತಿ. ಕಣ್ಣು ಮಂಜಾಗಿದೆ ಎನ್ನುತ್ತಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿದರು. ಪಾಪೆ ಸೂಜಿಮೊನೆಯಷ್ಟಾಗಿತ್ತು.

"ಯಾವ ಔಷಧಿ?" ಎಂದು ಕೇಳಿದರು.

ನಾನು "ಗೊತ್ತಿಲ್ಲ" ಎಂದೆ.

"ಯಾವ ಹುಳಕ್ಕೆ ಹೊಡೆದಿರಿ?"

ಅದಕ್ಕೂ ನನ್ನ ಉತ್ತರ ಅದೇ. ಸೀಸೆ ತರಿಸಿದೆ, ಅದರ ಮೇಲೆ ಕೆಮ್ಮಿನ ಔಷಧಿಯ ಹರಿದ ಚೀಟಿ ಇತ್ತು. ಡಾಕ್ಟರು ನನ್ನನ್ನು ಬೈಯಲಿಲ್ಲ, ಅದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ. ಲಕ್ಷಣ ನೋಡಿಯೇ ಅಟ್ರೊಪಿನ್ ಶುರುಮಾಡಿದರು. ಅವಳು ಉಳಿದಳು. ಹನ್ನೆರಡು ದಿನ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. "ಎಲ್ಲ ನಾವೇ ಕೊಟ್ಟೆವಲ್ಲ" ಎಂದು ಮನೆಯಲ್ಲಿ ಆಮೇಲೆ ಎಷ್ಟೋ ಸಲ ಹೇಳಿಕೊಂಡದ್ದೂ ಉಂಟು.

ವಾಪಸು ಬಂದ ದಿನ ಅವಳು ಪಾತ್ರೆ ಉಜ್ಜುತ್ತ, ಮುಖ ಎತ್ತದೆ, ಒಂದೇ ಮಾತು ಕೇಳಿದಳು. "ಕೈಗೆ ಏನಾದ್ರೂ ಕಟ್ಕೋ ಅಂತ ಹೇಳ್ಬೋದಿತ್ತಲ್ಲಕ್ಕಾ?" ತಲೆಗೆ ಗೋರಂಟಿ ಹಚ್ಚಿಕೊಳ್ಳುವಾಗ ಬೆರಳು ಕೆಂಪಾಗದಿರಲೆಂದು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದವಳು ನಾನು. ಆ ಚೀಲಗಳನ್ನು ಒಗೆದು ಒಣಹಾಕುತ್ತಿದ್ದವಳು ಅವಳು.

ನನ್ನ ಅಕ್ಕನ ಮಗಳು ಆಗ ಬೆಂಗಳೂರಿನಲ್ಲಿ ಕೃಷಿ ಬಿ.ಎಸ್ಸಿ. ಓದುತ್ತಿದ್ದಳು. ಶಿವರಾತ್ರಿಗೆ ಬಂದವಳು ಚಪ್ಪರದ ಕೆಳಗೆ ಬಿದ್ದಿದ್ದ ಒಣಗಿದ ಹುಳುವೊಂದನ್ನು ಅಂಗೈಯಲ್ಲಿಟ್ಟುಕೊಂಡು, "ಇದನ್ನ ಯಾಕೆ ಕೊಂದ್ರಿ ಚಿಕ್ಕಮ್ಮ? ಗುಲಗಂಜಿ ಹುಳದ ಮರಿ ಇದು, ಇನ್ನೊಂದು ವಾರ ಬಿಟ್ಟಿದ್ರೆ ಹೇನನ್ನೆಲ್ಲ ತಿಂದುಹಾಕ್ತಿತ್ತು" ಎಂದಳು. ಅಷ್ಟರಲ್ಲಿ ಚಪ್ಪರಕ್ಕೆ ಹೇನು ಮತ್ತೆ ಬಂದಿತ್ತು, ಮೊದಲಿಗಿಂತ ಹೆಚ್ಚಾಗಿಯೇ. ತಿನ್ನುವವರು ಸತ್ತಿದ್ದರು, ಹೆರುವವರಿಗೆ ಅಡ್ಡಿಯಿರಲಿಲ್ಲ. ಕಾಯನ್ನು ನಾವು ತಿನ್ನಲಿಲ್ಲ, ಕಿತ್ತು ಹೂಳಿದೆವು.

ಆದ್ದರಿಂದ ಔಷಧಿ ಎನ್ನುವ ಪದ ನನ್ನ ಮನೆಯಲ್ಲಿ ಈಗ ಗಿಡದ ವಿಚಾರಕ್ಕೆ ಬಳಕೆಯಲ್ಲಿಲ್ಲ. ಅದು ವಿಷ. ಜ್ವರಕ್ಕೆ ಕೊಡುವುದು ಔಷಧಿ, ಬಾಣಂತಿಗೆ ಅರೆದು ಕೊಡುವುದು ಮದ್ದು, ಇದು ವಿಷ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದ ಇರುವಾಗ ಔಷಧಿ ಎಂದು ಕರೆಯುವುದನ್ನು ನಮಗೆ ಕಲಿಸಿದವರು ಅದನ್ನು ಮಾರುವವರು. "ವಿಷ ಹೊಡೆಸಿಬಿಡಿ" ಎಂದು ಪಕ್ಕದ ಮನೆಯವರಿಗೆ ಒಮ್ಮೆ ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ತಡೆಯಲಿ ಎಂದೇ ನನ್ನ ಆಸೆ.

ಕಾನೂನು ಇಲ್ಲದೆ ಇಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಚೀಟಿಯಿಲ್ಲದೆ ಹೀಗೆ ಬಗ್ಗಿಸಿ ಮಾರುವಂತೆಯೇ ಇಲ್ಲ. ಡಬ್ಬದ ಮೇಲೆ ವಜ್ರದಾಕಾರದ ಗುರುತು ಇರುತ್ತದೆ, ಅದರ ಕೆಳಗಿನ ಅರ್ಧದ ಬಣ್ಣ ಕೆಂಪಾದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತ ಬರುತ್ತದೆ. ಸೀರೆಯ ಅಂಚಿನ ಬಣ್ಣ ಹತ್ತು ಮಾರು ದೂರದಿಂದ ಹೇಳುವ ನಾವು ಈ ಬಣ್ಣವನ್ನು ಎಂದಾದರೂ ನೋಡಿದ್ದೇವೆಯೇ? ಗುಲಾಬಿ ಕುಂಡಕ್ಕೆ ಚಮಚದಲ್ಲಿ ಹಾಕುತ್ತಿದ್ದ, ಮೂಗಿಗೆ ಬಡಿಯುವ ವಾಸನೆಯ ಗುಳಿಗೆ ನೆನಪಿದೆಯೇ? ಅದರಲ್ಲಿದ್ದ ಫೋರೇಟ್ ಎಂಬ ವಿಷವನ್ನು 2020ರ ಕೊನೆಗೆ ದೇಶದಲ್ಲೇ ಪೂರ್ತಿ ನಿಲ್ಲಿಸಿದರು. ಮಾನೋಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲಿ ಆದೇಶವಾಯಿತು. ಹಾಗಾದರೆ ಅದಕ್ಕೆ ಮುಂಚೆ ನಾವು ಹೊಡೆಸಿದ್ದು, ತಿಂದದ್ದು? ಅಂದು ಅದು ಔಷಧಿಯಾಗಿತ್ತು, ಅಷ್ಟೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ತಾಯಂದಿರೂ ಆ ವಿಷದ ಕಥೆಯನ್ನು ಮಕ್ಕಳ ಮೈಯಲ್ಲಿ ಹೊತ್ತಿದ್ದಾರೆ. ಗುರಿ ಇಟ್ಟದ್ದು ಗೇರಿನ ಚಿಗುರು ಹೀರುವ ಒಂದು ತಿಗಣೆಗೆ. ಆಕಾಶದಿಂದ ಸುರಿಯುವವನಿಗೆ ಕೆಳಗಿರುವುದು ತಿಗಣೆಯೋ, ಜೇನೋ, ಬಾವಿಯೋ, ಬಸುರಿಯೋ ಕಾಣುವುದಿಲ್ಲ. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ನನ್ನ ಕೈಪಂಪಿಗೂ ಆ ಹೆಲಿಕಾಪ್ಟರಿಗೂ ಗಾತ್ರದಲ್ಲಿ ವ್ಯತ್ಯಾಸವಿದೆ, ಇಲ್ಲವೆನ್ನುವುದಿಲ್ಲ.

"ಹಾಗಾದರೆ ಗಿಡ ಸಾಯಲಿ ಅನ್ನುತ್ತೀರಾ?" ಎಂದು ಕೇಳುತ್ತೀರಿ. ಅನ್ನುವುದಿಲ್ಲ. ನನ್ನ ತವರು ಸಕಲೇಶಪುರದ ಕಡೆ, ಏಲಕ್ಕಿಯ ಸೀಮೆ. ಏಲಕ್ಕಿಯ ಎಲೆಯಲ್ಲಿ ತಿಳಿಹಸಿರು ಗೆರೆಗೆರೆ ಮೂಡಿ ಗಿಡ ಕುಗ್ಗುವ ರೋಗಕ್ಕೆ 'ಕಟ್ಟೆ' ಎನ್ನುತ್ತಾರೆ. ನಮ್ಮ ಕನ್ನಡದ ಆ ಪದವನ್ನೇ ಇಂಗ್ಲಿಷಿನ ವಿಜ್ಞಾನದ ಪುಸ್ತಕಗಳೂ ಎರವಲು ಪಡೆದಿವೆ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಹೇನು. ನಮ್ಮಜ್ಜಿ ಕಟ್ಟೆ ಕಂಡ ಗಿಡವನ್ನು ಬುಡಸಮೇತ ಕೀಳಿಸಿ ಸುಡಿಸುತ್ತಿದ್ದರು, ಕರುಣೆಯೇ ಇಲ್ಲ. ಅವರಿಗೆ ವೈರಸ್ಸಿನ ಹೆಸರು ಗೊತ್ತಿರಲಿಲ್ಲ. ಆದರೆ ವಾರಕ್ಕೊಮ್ಮೆ ಸಾಲುಸಾಲು ತಿರುಗಿ ಎಲೆ ಎತ್ತಿ ನೋಡುತ್ತಿದ್ದರು. ಹೀಗೆ ಹೇನು ರೋಗ ಹೊರುವ ಕಡೆ ನಾನು ಖಂಡಿತ ಹೆದರುತ್ತೇನೆ. ಬಾಳೆಯ ತುದಿಯಲ್ಲಿ ಎಲೆಗಳು ಕಿರಿದಾಗಿ, ನೆಟ್ಟಗೆ, ಗೊಂಚಲುಗಟ್ಟಿ ನಿಂತರೆ ಆ ಗಿಡವನ್ನು ಗೆಡ್ಡೆಯೊಂದಿಗೆ ತೆಗೆಯಬೇಕು. ಅಲ್ಲಿ ರೋಗ ತಂದದ್ದು ಎಲೆಯ ಬುಡದ ಸಂದಿಯಲ್ಲಿ ಅಡಗಿ ಕೂರುವ ಕಂದು ಹೇನು. ಪಪ್ಪಾಯಿಯ ಕಥೆ ಇನ್ನೂ ವಿಚಿತ್ರ. ಅದಕ್ಕೆ ಉಂಗುರ ಮಚ್ಚೆಯ ರೋಗ ತರುವ ಹೇನು ಪಪ್ಪಾಯಿಯಲ್ಲಿ ಸಂಸಾರ ಹೂಡುವುದೇ ಇಲ್ಲ, ಹಾರುತ್ತ ಬಂದು ಒಮ್ಮೆ ಚುಚ್ಚಿ ರುಚಿ ನೋಡಿ ಹೊರಟುಹೋಗುತ್ತದೆ. ನೀವು ವಿಷ ಹೊಡೆಸುವುದು ಖಾಲಿ ಮನೆಗೆ.

ಹೊಲದ ಲೆಕ್ಕವೇ ಬೇರೆ ಎನ್ನುವವರಿಗೆ ಕಬ್ಬಿನ ಮಾತು ಹೇಳಬೇಕು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆಹೇನು ನಮ್ಮ ಉತ್ತರ ಕರ್ನಾಟಕದ ಕಬ್ಬಿಗೂ ಇಳಿಯಿತು. ಎಲೆಯ ಅಡಿ ಹತ್ತಿ ಮೆತ್ತಿದಂತೆ ಬಿಳಿ. ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ವಿಷ ಹೊಡೆಯುವುದು ಹೊಡೆಯುವವನ ಪ್ರಾಣಕ್ಕೇ ಸಂಚಕಾರ. ಕೊನೆಗೆ ಆ ಹೇನನ್ನು ಹತೋಟಿಗೆ ತಂದದ್ದರಲ್ಲಿ ದೊಡ್ಡ ಪಾಲು ಎರಡು ಕೀಟಗಳದ್ದು. ಡೀಫಾ ಎಂಬ ಪತಂಗದ ಮರಿ ಒಂದು, ಮೈಕ್ರೋಮಸ್ ಎಂಬ ಜಾಲರಿ ರೆಕ್ಕೆಯ ಕಂದು ಕೀಟ ಇನ್ನೊಂದು. ವಿಜ್ಞಾನಿಗಳು ಅವನ್ನು ಗುರುತಿಸಿದರು, ಬೆಳೆಸಿದರು, ಗದ್ದೆಗೆ ಬಿಟ್ಟರು. ಮೊದಲು ಗುರುತಿಸಿದರು ಎನ್ನುವುದನ್ನು ಗಮನಿಸಿ.

ನನ್ನ ಹಿತ್ತಲಿನಲ್ಲಿ ನಾನು ಮಾಡುವುದು ಹೆಚ್ಚೇನಿಲ್ಲ. ಹೇನು ಕಂಡರೆ ಗನ್ನಡಿ ತರುತ್ತೇನೆ. ನಡುವೆ ಮೊಸಳೆಮರಿಗಳಿದ್ದರೆ, ಕಂದು ಬಣ್ಣಕ್ಕೆ ಉಬ್ಬಿದವು ಇದ್ದರೆ, ಕೈಕಟ್ಟಿ ಹತ್ತು ದಿನ ಕಾಯುತ್ತೇನೆ. ಇಲ್ಲದಿದ್ದರೆ ಪೈಪಿನ ನೀರನ್ನು ಬೆರಳಿನಿಂದ ಒತ್ತಿ ಚುರುಕಾಗಿ ಹೊಡೆಯುತ್ತೇನೆ. ಮೂತಿ ಮುರಿದು ಕೆಳಗೆ ಬಿದ್ದ ಹೇನು ಬಹುಮಟ್ಟಿಗೆ ಮತ್ತೆ ಹತ್ತುವುದಿಲ್ಲ. ತುದಿ ತೀರ ಹಾಳಾಗಿದ್ದರೆ ಚಿವುಟಿಹಾಕುತ್ತೇನೆ, ಇರುವೆಯ ದಾರಿ ಕಟ್ಟುತ್ತೇನೆ. ಸಗಣಿ ಗೊಬ್ಬರ ಬಿಟ್ಟು ಯೂರಿಯಾ ಸುರಿದ ವರ್ಷ ಹೇನು ಹೆಚ್ಚು, ಎಳೆಚಿಗುರು ಸೊಕ್ಕಿ ಬಂದಷ್ಟೂ ಅದಕ್ಕೆ ಹಬ್ಬ.

ಈಗ ಹೊಸದೊಂದು ಬಂದಿದೆ, ಅದರ ಮೇಲೂ ನನಗೆ ಸಿಟ್ಟಿದೆ. ತಾರಸಿ ತೋಟ ಮಾಡುವ ಹೆಣ್ಣುಮಕ್ಕಳು ವಿಷ ಬಿಟ್ಟಿದ್ದಾರೆ, ಸಂತೋಷ. ಆದರೆ ಬೇವಿನೆಣ್ಣೆ, ಬೆಳ್ಳುಳ್ಳಿ ಮೆಣಸಿನ ರಸ, ಪಾತ್ರೆ ತೊಳೆಯುವ ಸೋಪಿನ ನೀರು, ಇವನ್ನು ಭಾನುವಾರದ ತಲೆಸ್ನಾನದಂತೆ ಹುಳ ಇರಲಿ ಬಿಡಲಿ ವಾರವಾರ ಎಲ್ಲ ಗಿಡಕ್ಕೂ ಸುರಿಯುತ್ತಾರೆ. ಸೋಪಿಗೆ ಹೇನು ಯಾವುದು, ಹೇನು ತಿನ್ನುವ ಮರಿ ಯಾವುದು ಎಂದು ಗೊತ್ತಾಗುವುದಿಲ್ಲ. ಬಟ್ಟೆ ಒಗೆಯುವ ಪುಡಿ ಹಾಕಿ ಎಲೆ ಸುಟ್ಟುಕೊಂಡವರೂ ಇದ್ದಾರೆ. ಸಾವಯವ ಎಂಬ ಚೀಟಿ ಅಂಟಿಸಿದರೂ ನೋಡದೆ ಹೊಡೆದದ್ದು ನೋಡದೆ ಹೊಡೆದದ್ದೇ. ನನ್ನ ಜಗಳ ಬರೀ ವಿಷದ ಜೊತೆ ಎಂದುಕೊಂಡಿದ್ದರೆ ನನ್ನ ಮಾತು ನಿಮಗೆ ಪೂರ್ತಿ ಮುಟ್ಟಿಲ್ಲ.

ನೋಡಿ ಗೊತ್ತಾಗದಿದ್ದರೆ ಕೇಳುವುದಕ್ಕೆ ಜಾಗವಿದೆ. ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕುಡಿಯನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಅಲ್ಲಿ ಯಾರಾದರೂ "ಏನಮ್ಮ, ಎರಡು ಕುಂಡಕ್ಕೆ ಇಷ್ಟೆಲ್ಲ ಬೇಕಾ?" ಎಂದು ನಕ್ಕರೆ, ಬೇಕು ಎಂದು ಹೇಳಿ ಕೂತುಕೊಳ್ಳಿ. ನನ್ನನ್ನೂ ನೋಡಿ ನಕ್ಕಿದ್ದರು.

ಮೊನ್ನೆ ಪಕ್ಕದವರು ಮತ್ತೆ ಕಾಂಪೌಂಡಿನ ಬಳಿ ಬಂದರು. ಈ ಸಲ ಹುಳ ಅವರ ದಾಸವಾಳಕ್ಕೆ. ಕೈಯಲ್ಲಿ ಹೊಸ ಸೀಸೆಯಿತ್ತು. ನಾನು ಇಷ್ಟೆಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಸರಿ, ಹಾಗಾದ್ರೆ ನೀವೇ ಬಂದು ಯಾವ ಹೇನು ಅಂತ ಹೇಳಿ" ಎಂದರು. ಗನ್ನಡಿ ತೆಗೆದುಕೊಂಡು ಹೋದೆ. ನೋಡಿದರೆ ಹೇನೇ ಅಲ್ಲ, ಹಿಟ್ಟುತಿಗಣೆ. ನನ್ನ ಅರ್ಧ ಗಂಟೆಯ ಭಾಷಣ ಗಾಳಿಗೆ ಹೋಯಿತು. ಎರಡೇ ಕೊಂಬೆಗೆ ಹತ್ತಿದೆ, ಕತ್ತರಿಸಿ ಸುಟ್ಟರೆ ಸಾಕು ಎಂದೆ. ಅವರು ಒಳಗೆ ತಿರುಗಿ ಕೆಲಸದ ಹುಡು್ಗಿಯನ್ನು ಕೂಗಲು ಬಾಯಿ ತೆರೆದರು. ಆಮೇಲೆ ನನ್ನ ಮುಖ ನೋಡಿ, ಕತ್ತರಿ ಹುಡುಕಲು ತಾವೇ ಒಳಗೆ ಹೋದರು. ಅದು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಬರುವುದಕ್ಕೆ ಬಹಳ ಹೊತ್ತಾಯಿತು. ನಾನು ಕಾಂಪೌಂಡಿನ ಬಳಿಯೇ ನಿಂತಿದ್ದೆ.